ಅಪ್‌ಡೇಟ್: ಹುಬ್ಬಳ್ಳಿ ಮೇಲ್ ಸರ್ವರಿಗೆ ಧಾರವಾಡದಲ್ಲಿ ಜೊತೆಗಾರ
ನಾನು ಕೇಳಿದ್ದು: ಹುಬ್ಬಳ್ಳಿ ಗೋಕುಲ ರಸ್ತೆಯ ಆಫೀಸಿನ ಡವ್‌ಕಾಟ್ (ಮೇಲ್‌ಬಾಕ್ಸ್ ನೋಡಿಕೊಳ್ಳುವ ಸಾಫ್ಟ್‌ವೇರ್) ಸರ್ವರ್ ಕೈಕೊಟ್ಟರೆ ಧಾರವಾಡದ್ದು ತಾನಾಗೇ ಕೆಲಸ ಹಿಡಿಯಬೇಕು, ಹೇಗೆ?

ಡವ್‌ಕಾಟ್‌ನ ಸ್ವಂತ ರೆಪ್ಲಿಕೇಶನ್ (ಒಂದು ಸರ್ವರಿನ ಮೇಲ್ ಇನ್ನೊಂದಕ್ಕೂ ನಕಲಾಗುವುದು) ಬೇಡ ಎಂದು ಉತ್ತರ ಕೊಟ್ಟವರ ಮಾತು ಸರಿ. 2.4 ಆವೃತ್ತಿಯಲ್ಲಿ ಅದನ್ನು ತೆಗೆದೇ ಹಾಕಿದ್ದಾರೆ. ಬದಲಿಗೆ ಡಿಸ್ಕನ್ನೇ ನೆಟ್‌ವರ್ಕ್ ಮೂಲಕ ಇನ್ನೊಂದು ಮಷಿನ್ನಿಗೆ ನಕಲು ಮಾಡುವ ಡಿಆರ್‌ಬಿಡಿ ಹಾಕಿದೆವು, ಅದರ ಪ್ರೋಟೊಕಾಲ್ ಸಿ ವಿಧಾನದಲ್ಲಿ. ಎರಡೂ ಕಡೆ ಡಿಸ್ಕಿಗೆ ಬರೆದಾದ ಮೇಲೇ ಬರೆದ ಲೆಕ್ಕ. ಫೈಬರ್ ಚೆನ್ನಾಗಿದೆ, ತಡ ಗೊತ್ತೇ ಆಗಲ್ಲ.

ನಿಜವಾದ ತಲೆನೋವು ನಡುವಿನ ಲಿಂಕ್ ಕಡಿದಾಗ. ಎರಡೂ ಸರ್ವರ್ ‘ನಾನೇ ಯಜಮಾನ’ ಅಂದರೆ ಮೇಲ್ ಇಬ್ಭಾಗ! ಅದಕ್ಕೇ ಮೂರನೇ ಜಾಗದಲ್ಲಿ ಒಂದು ಚಿಕ್ಕ ಮಷಿನ್ ಇಟ್ಟೆವು. ಅದರಲ್ಲಿ ಮೇಲ್ ಇಲ್ಲ, ವೋಟ್ ಮಾತ್ರ; ಅದರ ವೋಟ್ ಸಿಕ್ಕ ಸರ್ವರೇ ಯಜಮಾನ. ಡಿಆರ್‌ಬಿಡಿ 9ರಲ್ಲಿ ಇದಕ್ಕೆ ಅವಕಾಶ ಇದೆ. ಹುಬ್ಬಳ್ಳಿ ಸರ್ವರಿನ ಪವರ್ ಕೇಬಲ್ ಕಿತ್ತು ನೋಡಿದೆವು. ಯಾವ ಸರ್ವರ್ ಕೆಲಸ ಮಾಡಬೇಕೆಂದು ನೋಡಿಕೊಳ್ಳುವ ಪೇಸ್‌ಮೇಕರ್ ಸಾಫ್ಟ್‌ವೇರ್ ಧಾರವಾಡದಲ್ಲಿ ಡಿಸ್ಕ್ ಮೌಂಟ್ ಮಾಡಿ ಡವ್‌ಕಾಟ್ ಎಬ್ಬಿಸಿತು.

ಬ್ಯಾಕಪ್ ಬೇರೆಯೇ ಇಟ್ಟಿದ್ದೇವೆ. ಹುಬ್ಬಳ್ಳಿಯಲ್ಲಿ ಅಳಿಸಿದ ಮೇಲ್ ಧಾರವಾಡದಲ್ಲೂ ಅಳಿಯುತ್ತೆ, ಅಲ್ವಾ?