ಹಿನ್ನೀರಿನ ಕಾಮರೂಪಿ: ಜೀವಿಗಳನ್ನು ಮೈಗೂಡಿಸಿಕೊಳ್ಳುವ ಪ್ರಾಣಿಗೆ ಯಾವ ಕಟ್ಟುಪಾಡು ಹಾಕಲಿ?

ಮುಳುಗಡೆ_ಕಥೆ

ಎಲ್ಲರಿಗೂ ನಮಸ್ಕಾರ. ಕಿರುಕಾದಂಬರಿಯೊಂದಕ್ಕೆ ಒಂದು ಪ್ರಾಣಿಯನ್ನು ಕಟ್ಟುತ್ತಿದ್ದೇನೆ. ಜಾಗ ಹೊಸನಗರದ ಕಡೆ, ಶರಾವತಿ ಹಿನ್ನೀರಿನ ದಂಡೆ. ಕಾಲ ಒಂದು ಮಳೆಗಾಲದಿಂದ ಮುಂದಿನ ಬೇಸಿಗೆವರೆಗೆ. ಈ ಪ್ರಾಣಿಗೆ ತನ್ನದು ಅಂತ ಆಕಾರವಿಲ್ಲ. ಸಿಕ್ಕ ಜೀವಿಯನ್ನು ಮೈಯೊಳಗೆ ಎಳೆದುಕೊಂಡು ಕರಗಿಸಿ, ಆಮೇಲೆ ಅದರದ್ದೇ ರೂಪ ತಾಳುತ್ತದೆ. ಶುರುವಿಗೆ ಒಂದು ಬೊಗಸೆಯಷ್ಟಿದ್ದು ಕಪ್ಪೆ, ಏಡಿ ತಿನ್ನುತ್ತದೆ. ಆಮೇಲೆ ಮುಸಿಯ ಎಂಬ ದೊಡ್ಡ ಮಂಗ, ಆಮೇಲೆ ದನ, ಕೊನೆಗೆ ಮನುಷ್ಯ.

ಬರೆಯುತ್ತಾ ಹೋದಂತೆ ಎಲ್ಲವೂ ಸಡಿಲವಾಗುತ್ತಿದೆ. ತಿಂದ ಮರುಕ್ಷಣವೇ ರೂಪ ಬದಲಾದರೆ ನಂಬುವ ಹಾಗಿಲ್ಲ. ತಿಂದದ್ದರ ತೂಕ ಎಲ್ಲಿಗೆ ಹೋಗುತ್ತದೆ? ಸತ್ತವನ ನೆನಪು ಅದಕ್ಕೆ ಬರಬಹುದೇ? ಕೋವಿ, ಬೆಂಕಿ ಬಿಟ್ಟು ಊರಿನವರ ಕೈಯಲ್ಲಿ ಏನಿದೆ? ಮಾಟ ಮಂತ್ರ ತರುವುದಿಲ್ಲ, ಪ್ರಾಣಿ ನಿಯಮದೊಳಗೇ ಇರಬೇಕು.

ಜೀವಕೋಶ

ಮೊದಲು ತೂಕದ ಲೆಕ್ಕ ಮುಗಿಸಿಕೊಳ್ಳಿ, ಅರ್ಧ ಕಥೆ ಅಲ್ಲಿಂದಲೇ ಹುಟ್ಟುತ್ತದೆ.

ತಿಂದದ್ದಷ್ಟೂ ಮೈಗೆ ಹತ್ತುವುದಿಲ್ಲ. ಬಿಸಿರಕ್ತದ ಪ್ರಾಣಿಗಳು ತಿಂದದ್ದರ ಬಹುಪಾಲನ್ನು ಮೈ ಬೆಚ್ಚಗಿಡಲಿಕ್ಕೇ ಸುಡುತ್ತವೆ. ಹಾವು, ಕಪ್ಪೆಯಂಥ ತಣ್ಣನೆ ಮೈಯವು ಅದಕ್ಕಿಂತ ಬಹಳ ಹೆಚ್ಚು ಉಳಿಸಿಕೊಳ್ಳುತ್ತವೆ. ನಿಮ್ಮದನ್ನೂ ತಣ್ಣನೆ ಮೈಯದ್ದೇ ಮಾಡಿ, ಮೂರರಲ್ಲಿ ಒಂದು ಪಾಲು ಮೈಗೆ ಸೇರುತ್ತದೆ ಎಂದು ಇಟ್ಟುಕೊಳ್ಳಿ. ಆಗ 2 ಕೆ.ಜಿ. ಇರುವ ಪ್ರಾಣಿ 12 ಕೆ.ಜಿ.ಯ ಮುಸಿಯನನ್ನು ತಿಂದರೆ 6 ಕೆ.ಜಿ. ಆಗುತ್ತದೆ, 14 ಅಲ್ಲ. 60 ಕೆ.ಜಿ.ಯ ಮನುಷ್ಯನ ಹಾಗೆ ನಿಲ್ಲಬೇಕಾದರೆ ಇನ್ನೂ 54 ಕೆ.ಜಿ. ಬೇಕು, ಅಂದರೆ 160 ಕೆ.ಜಿ.ಗೂ ಹೆಚ್ಚು ಬೇಟೆ. ಮಲೆನಾಡು ಗಿಡ್ಡ ಹಸುವೊಂದು 100 ಕೆ.ಜಿ. ಆಸುಪಾಸು ತೂಗುತ್ತದೆ. ಹಾಗಾಗಿ ಮನುಷ್ಯನ ಸರದಿಗೆ ಮೊದಲು ಎರಡು ಹಸು ಹೋಗಲೇಬೇಕು. ನಡುವಿನ ಅಧ್ಯಾಯಗಳಿಗೆ ಇಷ್ಟು ಸಾಕು.

ಉಳಿದ ಎರಡು ಪಾಲು? ಪ್ರಾಣಿಯ ಮೈಯಲ್ಲಿ ಮೂರನೇ ಎರಡರಷ್ಟು ಬರೀ ನೀರು, ಅದು ಸೋರಿ ಹೋಗುತ್ತದೆ. ತಲೆನೋವು ಸಾರಜನಕದ್ದು. 1 ಕೆ.ಜಿ. ಪ್ರೋಟೀನ್ ಸುಟ್ಟರೆ 160 ಗ್ರಾಂ ಸಾರಜನಕ ಉಳಿಯುತ್ತದೆ. ಅದನ್ನು ಯೂರಿಯಾ ಮಾಡಿ ಹೊರಹಾಕಿದರೆ 340 ಗ್ರಾಂ. ಮೇಲೆ ಹೇಳಿದ ಮುಸಿಯನ ಲೆಕ್ಕದಲ್ಲಿ ಅರ್ಧ ಕೆ.ಜಿ.ಗೂ ಹೆಚ್ಚು ಯೂರಿಯಾ. ಒದ್ದೆ ನೆಲದಲ್ಲಿ ಅದು ಬೇಗ ಅಮೋನಿಯಾ ಆಗುತ್ತದೆ, ಮೂಗಿಗೆ ಹೊಡೆಯುವ ವಾಸನೆ. ಈ ವಾಸನೆ ಯಾರಿಗೂ ಅನುಮಾನ ತರದ ಜಾಗ ಹಳ್ಳಿಯಲ್ಲಿ ಒಂದೇ, ದನದ ಕೊಟ್ಟಿಗೆ. ಗಂಜಲದ ನಾತದೊಳಗೆ ಗಂಜಲದ ನಾತ. ಸೊಪ್ಪಿನ ಹಾಸಿನ ಅಡಿಗೆ ಅದು ವಾರಗಟ್ಟಲೆ ಇರಬಹುದು. ಒಂದು ದಿನ ಅದೇ ವಾಸನೆ ದೇವರ ಕೋಣೆಯಲ್ಲಿ ಬರಲಿ, ಮನೆಯವರು ಬೆಚ್ಚುತ್ತಾರೆ.

ಹೊತ್ತಿನ ವಿಷಯ. ಹೆಬ್ಬಾವು ದೊಡ್ಡ ಬೇಟೆ ಅರಗಿಸಲು ಒಂದು ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ತೆಗೆದುಕೊಳ್ಳುತ್ತದೆ. ಬರ್ಮಾ ಹೆಬ್ಬಾವಿನಲ್ಲಿ ಉಂಡ ಎರಡೇ ದಿನದಲ್ಲಿ ಹೃದಯದ ಸ್ನಾಯು ಶೇ. 40ರಷ್ಟು ಬೆಳೆದು, ಅರಗಿದ ಮೇಲೆ ಮೊದಲಿನಂತಾಗುತ್ತದೆ. ಮೈ ತನ್ನನ್ನೇ ತಿದ್ದಿಕೊಳ್ಳುವುದಕ್ಕೆ ಇದಕ್ಕಿಂತ ಒಳ್ಳೆಯ ಮಾದರಿ ಸಿಗುವುದಿಲ್ಲ. ಮುಸಿಯನಿಗೆ ಆರು ದಿನ, ಹಸುವಿಗೆ ಎರಡು ವಾರ ಕೊಡಿ. ಆ ದಿನಗಳಲ್ಲಿ ಅದು ಓಡಲಾರದು, ಊರಿನವರಿಗೆ ಸಿಗುವ ಸಂದು ಅದೊಂದೇ.

ಎಲ್ಲವೂ ಕರಗುತ್ತದೆ ಎಂದೂ ಬರೆಯಬೇಡಿ. ಎಲುಬನ್ನು ಆಮ್ಲ ಕರಗಿಸುತ್ತದೆ, ಸರಿ. ಕೂದಲು, ಗೊರಸು, ಕೊಂಬಿನ ಮೇಲ್ಪದರ ಕೆರಾಟಿನ್. ಉಣ್ಣೆಬಟ್ಟೆ ತಿನ್ನುವ ನುಸಿಯಂಥ ಕೆಲವೇ ಜೀವಿಗಳಿಗೆ ಅದು ಅರಗುತ್ತದೆ. ಹಸು ತಿಂದ ಜಾಗದಲ್ಲಿ ಒಂದು ಕೂದಲ ಉಂಡೆ, ಎಂಟು ಗೊರಸಿನ ಚಿಪ್ಪು, ಹನ್ನೆರಡು ಅಂಕಿಯ ಹಳದಿ ಕಿವಿಬಿಲ್ಲೆ ಬಿದ್ದಿರಲಿ. ಬಿಲ್ಲೆಯ ಮೇಲೆ ಹಲ್ಲಿನ ಗುರುತಿಲ್ಲ, ತೊಳೆದಿಟ್ಟ ಹಾಗೆ ಹೊಳೆಯುತ್ತಿರುತ್ತದೆ. ಹುಲಿಯೋ ಚಿರತೆಯೋ ಎಂಬ ಮಾತು ಅಲ್ಲಿಗೆ ನಿಂತುಹೋಗುತ್ತದೆ.

ಗೆರೆ_ಬಣ್ಣ

ಜೀವಕೋಶ ಅವರ ಕೂದಲ ಉಂಡೆಯನ್ನು ಎಸೆಯಬೇಡಿ, ನನಗೆ ಬೇಕು. ಯಾಕೆಂದು ಕೊನೆಗೆ ಹೇಳುತ್ತೇನೆ.

ರೂಪ ಬದಲಿಸುವ ಪ್ರಾಣಿಗೆ ಎಲುಬು ಕೊಟ್ಟರೆ ಕೆಟ್ಟಿತು. ಪ್ರಾಣಿಲೋಕದಲ್ಲಿ ಅತಿ ಬೇಗ ಬೆಳೆಯುವ ಎಲುಬು ಜಿಂಕೆ ಜಾತಿಯ ಕೊಂಬು, ಅದೂ ದೊಡ್ಡ ಜಾತಿಗಳಲ್ಲಿ ದಿನಕ್ಕೆ ಎರಡು ಸೆಂಟಿಮೀಟರ್ ಆಸುಪಾಸು. ಆ ವೇಗದಲ್ಲಿ ಒಂದು ತೊಡೆ ಎಲುಬಿಗೇ ಮೂರು ವಾರ ಬೇಕು. ಅದರ ಬದಲು ಕಡಲಸೌತೆ ಎಂಬ ಜೀವಿಯನ್ನು ನೋಡಿ. ಅದರ ಚರ್ಮದ ಕೊಲಾಜೆನ್ ಎಳೆಗಳ ನಡುವಿನ ಹಿಡಿತವನ್ನು ನರಗಳೇ ಬಿಗಿ ಸಡಿಲ ಮಾಡುತ್ತವೆ. ಕೈಯಲ್ಲಿ ಹಿಡಿದರೆ ಗಟ್ಟಿ, ಬಂಡೆಯ ಸಂದಿಗೆ ನುಸುಳುವಾಗ ಲೋಳೆ. ಈ ಬದಲಾವಣೆಗೆ ಕೆಲವು ಸೆಕೆಂಡಿನಿಂದ ಕೆಲವು ನಿಮಿಷ ಸಾಕು.

ಇದನ್ನು ತೆಗೆದುಕೊಂಡರೆ ಒಂದು ನಿಯಮ ತಾನಾಗಿಯೇ ಸಿಗುತ್ತದೆ. ಗಟ್ಟಿಯಾಗಿದ್ದಾಗ ಚಲಿಸಲಾಗದು, ಚಲಿಸುವಾಗ ಗಟ್ಟಿ ಇರಲಾಗದು. ಅಂದರೆ ಅದು ಅಡಿಕೆ ಮರಕ್ಕೆ ಒರಗಿ ಮನುಷ್ಯನ ಹಾಗೆ ನಿಲ್ಲಬಲ್ಲದು. ಕಾಲೆತ್ತಿ ಇಡಹೋದರೆ ಮೊಣಕಾಲು ಎರಡೂ ಕಡೆಗೆ ಬಾಗುತ್ತದೆ, ಹಿಮ್ಮಡಿ ನೆಲಕ್ಕೆ ಹರಡುತ್ತದೆ. ಚಿತ್ರ ಬಿಡಿಸುವವರು ಇಲ್ಲಿ ಎಡವುತ್ತಾರೆ. ಮುಖವನ್ನು ವಿಕಾರ ಮಾಡಿ ಕಾಲನ್ನು ಮನುಷ್ಯನದ್ದೇ ಬಿಡುತ್ತಾರೆ. ತಿರುಗಿಸಿ ಮಾಡಿ, ಮುಖ ಸರಿಯಾಗಿರಲಿ. 60 ಕೆ.ಜಿ. ಲೋಳೆಯನ್ನು ಎಲುಬಿಲ್ಲದೆ ನಿಲ್ಲಿಸಲು ಕಣಕಾಲು ತೊಡೆಯಷ್ಟೇ ದಪ್ಪ ಇರಬೇಕಾಗುತ್ತದೆ. ಪಂಚೆ ಅಥವಾ ಸೀರೆ ಅದನ್ನು ಮುಚ್ಚುತ್ತದೆ, ಕೆಸರಿನ ಹೆಜ್ಜೆ ಮುಚ್ಚುವುದಿಲ್ಲ. ಬೆರಳಿನ ಗುರುತಿಲ್ಲದ, ಮೊರದಗಲದ ಹೆಜ್ಜೆ.

ಬಣ್ಣ ಸುಲಭ. ಆಕ್ಟೋಪಸ್ ಚರ್ಮದ ಬಣ್ಣದ ಚೀಲಗಳನ್ನು ಸಣ್ಣ ಸ್ನಾಯುಗಳು ಎಳೆದು ಹಿಗ್ಗಿಸುತ್ತವೆ, ಒಂದು ಸೆಕೆಂಡೂ ಬೇಡ. ಗೋಸುಂಬೆಯಷ್ಟು ನಿಧಾನ ಮಾಡಬೇಕಿಲ್ಲ.

ಕೂದಲು ಮಾತ್ರ ಬೆಳೆಸಲಾಗದು. ಅದಕ್ಕೇ ಆ ಉಂಡೆ. ಕೆಲವು ಕಡಲೇಡಿಗಳು ಪಾಚಿ, ಸ್ಪಂಜಿನ ತುಂಡನ್ನು ಬೆನ್ನಿನ ಕೊಕ್ಕೆರೋಮಗಳಿಗೆ ಸಿಕ್ಕಿಸಿಕೊಂಡು ಮರೆಯಾಗುತ್ತವೆ. ನಿಮ್ಮ ಪ್ರಾಣಿ ಅರಗದ ಕೂದಲನ್ನು ಹಾಗೆಯೇ ಮೈಗೆ ನೆಟ್ಟುಕೊಳ್ಳಲಿ. ಮುಸಿಯನ ರೂಪದಲ್ಲಿ ಬೆನ್ನಿನ ಬೂದುಗೂದಲು ಕೆನ್ನೆಯ ಮೇಲಿರುತ್ತದೆ. ಮನುಷ್ಯ ರೂಪದಲ್ಲಿ ಜಡೆ ಇದೆ, ಬೈತಲೆ ಇಲ್ಲ. ಹತ್ತಿರ ಬಂದವರಿಗೆ ಕಾಣುವ ಕೊನೆಯ ತಪ್ಪು ಇದಾಗಲಿ.

ಕಾನುಮನೆ

ಒಳ್ಳೆಯ ಪ್ರಶ್ನೆ ಮಾರಾಯ್ರೆ. ಮದ್ದಿನ ಬಗ್ಗೆ ನಾನು ಬರೆಯುತ್ತೇನೆ, ಅದು ನಮ್ಮ ತೋಟದಲ್ಲೇ ಇದೆ.

ಎಲ್ಲರಿಗೂ ಮೊದಲು ಹೊಳೆಯುವುದು ಉಪ್ಪು, ಇಂಬಳಕ್ಕೆ ಹಾಕುತ್ತೇವಲ್ಲ ಹಾಗೆ. ಇಂಬಳ ತೀರ ಸಣ್ಣ ಹುಳ, ಚಿಟಿಕೆ ಉಪ್ಪು ಅದರ ನೀರನ್ನೆಲ್ಲ ಹೀರುತ್ತದೆ. 20 ಕೆ.ಜಿ.ಯ ಪ್ರಾಣಿಗೆ ಅದೇ ಅನುಪಾತದಲ್ಲಿ ಹಾಕಿದರೆ ಉಪ್ಪು ಕೆ.ಜಿ.ಗಟ್ಟಲೆ ಬೇಕು, ಅದೂ ಮಳೆಯಲ್ಲಿ ತೊಳೆದು ಹೋಗುತ್ತದೆ. ಹಿಡಿ ಉಪ್ಪು ಎರಚಿದರೆ ತಾಗಿದಷ್ಟು ಜಾಗ ಮುದುಡಿ, ಆ ತುಂಡನ್ನು ಕಳಚಿ ಬಿಟ್ಟು ಹೋಗಬೇಕು. ಊರಿನವರು ಗೆದ್ದೆವು ಎಂದುಕೊಳ್ಳುವ ಸುಳ್ಳು ಗೆಲುವು ಇದಾಗಲಿ.

ನಿಜವಾದ ಮದ್ದು ಮೈಲುತುತ್ತ. ಅಡಿಕೆಯ ಕೊಳೆ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣವನ್ನು ಮಾಡುವುದು ಇದರಿಂದಲೇ. ಅದರಲ್ಲಿರುವ ತಾಮ್ರ, ಗಟ್ಟಿ ಚರ್ಮವಿಲ್ಲದ ಒದ್ದೆ ಜೀವಿಗಳಿಗೆ ಬಹಳ ಕೆಟ್ಟದ್ದು. 1 ಕೆ.ಜಿ. ಮೈಲುತುತ್ತ 50 ಲೀಟರ್ ನೀರಿನಲ್ಲಿ, 1 ಕೆ.ಜಿ. ಸುಣ್ಣ ಇನ್ನೊಂದು 50 ಲೀಟರ್ ನೀರಿನಲ್ಲಿ ಬೇರೆ ಬೇರೆ ಕರಗಿಸಿ, ಎರಡನ್ನೂ ಮೂರನೇ ಪಾತ್ರೆಗೆ ಒಟ್ಟಿಗೆ ಸುರಿಯಬೇಕು. ಪಾತ್ರೆ ಪ್ಲಾಸ್ಟಿಕ್ಕಿನದೋ ಮಣ್ಣಿನದೋ ಆಗಬೇಕು, ಕಬ್ಬಿಣದ್ದು ಬೇಡ. ಆಮೇಲೆ ಉಜ್ಜಿದ ಕತ್ತಿಯ ಅಲಗನ್ನು ಅದ್ದಿ ನೋಡುವುದು. ಅಲಗಿಗೆ ಕೆಂಪಗೆ ತಾಮ್ರ ಹತ್ತಿದರೆ ಸುಣ್ಣ ಸಾಲದು ಎಂದರ್ಥ, ಇನ್ನಷ್ಟು ಹಾಕಬೇಕು. ಇಲ್ಲದಿದ್ದರೆ ಎಳೆಗಾಯಿ, ಸೋಗೆ ಸುಡುತ್ತದೆ. ಮೊದಲ ಸಲ ಮುಂಗಾರು ಹಿಡಿಯುವ ಮುನ್ನ, ಎರಡನೆಯದು 40-45 ದಿನದ ನಂತರ.

ಕಥೆಗೆ ಇದರಲ್ಲಿ ಮೂರು ಲಾಭ. ಒಣಗಿದ ದ್ರಾವಣ ಗೊನೆಯ ಮೇಲೆ ನೀಲಿ ಪೊರೆಯಾಗಿ ಕೂತು, ಮಳೆ ಬಿದ್ದಂತೆ ಸ್ವಲ್ಪ ಸ್ವಲ್ಪವೇ ತಾಮ್ರ ಬಿಡುತ್ತದೆ. ಹಾಗಾಗಿ ಔಷಧಿ ಹೊಡೆದ ತೋಟಕ್ಕೆ ಪ್ರಾಣಿ ಕಾಲಿಡುವುದಿಲ್ಲ, ಹೊಡೆಯದ ತೋಟದ ಮನೆಗೇ ಹೋಗುತ್ತದೆ. ಯಾಕೆ ಆ ಮನೆ ಎಂಬುದು ಓದುಗನಿಗೆ ತಡವಾಗಿ ಹೊಳೆಯುತ್ತದೆ. ಎರಡನೆಯದು, ಸುಣ್ಣ ಕಡಿಮೆಯಾದ ದ್ರಾವಣದಲ್ಲಿ ಬಿಡಿ ತಾಮ್ರ ಹೆಚ್ಚು. ಬೆಳೆಗೆ ಹಾಳಾದ ಆ ಪಾತ್ರೆಯೇ ಪ್ರಾಣಿಗೆ ಹೆಚ್ಚು ವಿಷ. ಅಲಗಿಗೆ ಕೆಂಪು ಹತ್ತಿದ್ದನ್ನು ನೋಡಿ ಚೆಲ್ಲಲು ಹೊರಟವರು ಅದನ್ನು ಎತ್ತಿಟ್ಟುಕೊಳ್ಳುವ ಒಂದು ದೃಶ್ಯ ಬರೆಯಬಹುದು. ಮೂರನೆಯದು, ಎರಡು ಹೊಡೆತದ ನಡುವೆ ಆಟಿಯ ಜಡಿಮಳೆ ಪೊರೆಯನ್ನು ತೊಳೆದಿರುತ್ತದೆ. ನಿಮ್ಮ ಕೆಟ್ಟ ಹದಿನೈದು ದಿನ ಅಲ್ಲಿದೆ.

ಅಡಿಕೆ ಕೊಯ್ಲಿನ ಹೊತ್ತಿಗೆ ಇನ್ನೊಂದು ಅಸ್ತ್ರ ಚೊಗರು. ಅಡಿಕೆ ಬೇಯಿಸಿದ ಹಂಡೆಯಲ್ಲಿ ಉಳಿಯುವ ಆ ಗಟ್ಟಿ ಕೆಂಪುನೀರಿನಲ್ಲಿ ಟ್ಯಾನಿನ್ ತುಂಬಿರುತ್ತದೆ. ತೊಗಲು ಹದ ಮಾಡುವುದೂ ಟ್ಯಾನಿನ್ನಿನಿಂದಲೇ. ಅದು ಕೊಲಾಜೆನ್ನನ್ನು ಹಿಡಿದು ಬಿಗಿಯುತ್ತದೆ. ಗೆರೆ_ಬಣ್ಣ ಅವರ ಬಿಗಿ ಸಡಿಲವಾಗುವ ಮೈಗೆ ಬಿಸಿ ಚೊಗರು ಬಿದ್ದರೆ ಆ ಭಾಗ ಮತ್ತೆ ಸಡಿಲವಾಗುವುದೇ ಇಲ್ಲ, ತೊಗಲಾಗಿ ಉಳಿಯುತ್ತದೆ. ಅಲ್ಲಿಂದ ಮುಂದೆ ಪ್ರತಿ ರೂಪದಲ್ಲೂ ಅದೇ ಜಾಗದಲ್ಲಿ ಕಂದು ಕಲೆ. ಗುರುತು ಹಿಡಿಯಲು ಅಷ್ಟು ಸಾಕು.

ಬೇಸಿಗೆಯಲ್ಲಿ ಅದನ್ನು ಸಾಯಿಸಬೇಡಿ. ಕೊಳೆತ ಮರದ ಮೇಲೆ ಹಳದಿ ಲೋಳೆಯಾಗಿ ಹರಡುವ ಲೋಳೆಬೂಷ್ಟು ಒಣಗಿದಾಗ ಗಟ್ಟಿ ಹಕ್ಕಳೆಯಾಗಿ ಕೂತು, ನೀರು ಬಿದ್ದಾಗ ಮತ್ತೆ ಹರಿಯುತ್ತದೆ. ಲಿಂಗನಮಕ್ಕಿಯ ನೀರು ಇಳಿದಾಗ ಮೇಲೇಳುವ ಹಳೆಯ ಮರದ ಬೊಡ್ಡೆಗಳಿವೆಯಲ್ಲ, ಹಕ್ಕಳೆ ಅಲ್ಲಿರಲಿ.

ಮುಳುಗಡೆ_ಕಥೆ

ಎಲ್ಲರಿಗೂ ಋಣಿ. ಅಲಗಿನ ಕೆಂಪು ಕಥೆಯ ನಡುವಿಗೇ ಬಂತು. ನೆನಪಿನ ಪ್ರಶ್ನೆ ಉಳಿದಿದೆ. ತಿಂದ ಮೊದಲ ಮನುಷ್ಯ ಆ ಮನೆಯ ಭಾವ. ಮನೆಯವರನ್ನು ಹೆಸರು ಹಿಡಿದು ಕರೆಯುವಷ್ಟಾದರೂ ಅದಕ್ಕೆ ಗೊತ್ತಿರಬೇಕು. ಇನ್ನೊಂದು, ಮಂಗಗಳು ಕಾಣೆಯಾದರೆ ಊರಿನವರು ಸುಮ್ಮನಿರುತ್ತಾರೆಯೇ?

ಜೀವಕೋಶ

ಕರಗಿಸಿದರೆ ನೆನಪು ಹೋಯಿತು. 1960ರ ದಶಕದಲ್ಲಿ, ಕಲಿತ ಚಪ್ಪಟೆಹುಳುಗಳನ್ನು ಕತ್ತರಿಸಿ ಕಲಿಯದ ಹುಳುಗಳಿಗೆ ತಿನ್ನಿಸಿದರೆ ಕಲಿಕೆ ದಾಟುತ್ತದೆ ಎಂಬ ಪ್ರಯೋಗ ದೊಡ್ಡ ಸುದ್ದಿಯಾಗಿತ್ತು. ಬೇರೆಯವರು ಮಾಡಿದಾಗ ಅದು ನಿಲ್ಲಲಿಲ್ಲ. ಅರಗುವುದು ಎಂದರೆ ಪ್ರೋಟೀನನ್ನು ಬಿಡಿಬಿಡಿ ಅಮೈನೋ ಆಮ್ಲ ಮಾಡುವುದು. ಮನೆ ಕೆಡವಿ ಇಟ್ಟಿಗೆ ಒಯ್ದವನಿಗೆ ಆ ಮನೆಯಲ್ಲಿ ಯಾರಿದ್ದರೆಂದು ತಿಳಿಯುವುದಿಲ್ಲ.

ಹಾಗಾಗಿ ಮಿದುಳನ್ನು ಕರಗಿಸದೆ ಇಟ್ಟುಕೊಳ್ಳಬೇಕು. ಇದಕ್ಕೆ ಪ್ರಕೃತಿಯಲ್ಲಿ ದಾರಿ ಇದೆ. ಎಲಿಸಿಯಾ ಎಂಬ ಕಡಲ ಗೊಂಡೆಹುಳು (ಚಿಪ್ಪಿಲ್ಲದ ಬಸವನಹುಳುವಿನಂಥ ಜೀವಿ) ಪಾಚಿ ತಿಂದು ಅದರ ಹಸಿರು ಕಣಗಳನ್ನು ಮಾತ್ರ ಅರಗಿಸದೆ ತಿಂಗಳುಗಟ್ಟಲೆ ಮೈಯಲ್ಲಿ ಉಳಿಸಿಕೊಳ್ಳುತ್ತದೆ. ಇನ್ನು ಕೆಲವು ಕಡಲ ಗೊಂಡೆಹುಳುಗಳು ತಿಂದ ಜೀವಿಯ ಚುಚ್ಚುಕೋಶಗಳನ್ನು ತಮ್ಮ ಆಯುಧ ಮಾಡಿಕೊಳ್ಳುತ್ತವೆ.

ಆದರೆ ಬೆಲೆ ಕಟ್ಟಿಸಿ. ಮನುಷ್ಯನ ಮಿದುಳು 1.4 ಕೆ.ಜಿ. ಆಸುಪಾಸು, ವಿಶ್ರಾಂತಿಯಲ್ಲಿರುವ ಮೈಯ ಶಕ್ತಿಯ ಐದನೇ ಒಂದು ಪಾಲು ಅದೊಂದಕ್ಕೇ ಹೋಗುತ್ತದೆ, ದಿನಕ್ಕೆ ಸುಮಾರು 300 ಕಿಲೊಕ್ಯಾಲೊರಿ. ಆಮ್ಲಜನಕ ನಿಂತು ನಾಲ್ಕೈದು ನಿಮಿಷದಲ್ಲಿ ಹಾಳಾಗತೊಡಗುತ್ತದೆ. ಅಷ್ಟರೊಳಗೆ ಪ್ರಾಣಿ ತನ್ನ ನಾಳಗಳನ್ನು ಜೋಡಿಸಬೇಕು. ತಡವಾದರೆ ಹೆಸರುಗಳು ಉಳಿದು ಮುಖಗಳು ಹೋಗಿರುತ್ತವೆ, ಅಕ್ಕನನ್ನು ಅತ್ತಿಗೆ ಎಂದು ಕರೆಯುತ್ತದೆ. ಮಿದುಳಿಗೆ ಬೆಚ್ಚನೆಯ ಮೈಯೂ ಬೇಕು. ತಣ್ಣನೆ ಪ್ರಾಣಿ ಅದನ್ನು ಬೆಚ್ಚಗಿಡಲು ಒಲೆ ಹತ್ತಿರವೇ ಸುಳಿಯುತ್ತದೆ. ಬಚ್ಚಲಿನ ಹಂಡೆ ಒಲೆಯ ಪಕ್ಕ ಬೆಳಗಿನ ಜಾವ ಕೂತಿರುವ ಭಾವ. ಒಂದು ಹೊತ್ತಿಗೆ ಒಂದೇ ಮಿದುಳು ಎಂದು ಬಿಗಿ ಮಾಡಿ, ಎರಡಕ್ಕೆ ಅದರ ತೂಕ ಸಾಲದು.

ಕಾನುಮನೆ

ಮಂಗ ಕಾಣೆಯಾದರೆ ಯಾರೂ ಸುಮ್ಮನಿರುವುದಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಗೊತ್ತಾದಾಗಿನಿಂದ ಮಂಗ ಸತ್ತರೆ ತಿಳಿಸುವುದು ಇಲ್ಲಿ ರೂಢಿ. ನಿಮ್ಮ ಕಥೆಯಲ್ಲಿ ಹೆಣವೇ ಸಿಗುವುದಿಲ್ಲ, ಆದರೆ ಉಣುಗು ಸಿಗುತ್ತದೆ. ಆತುಕೊಂಡಿದ್ದ ಮೈ ಸತ್ತಾಗ ಉಣುಗುಗಳು ಉದುರಿ ಅಲ್ಲೇ ಸುತ್ತ ಹರಡುತ್ತವೆ, ಕಾಯಿಲೆ ಹರಡುವುದೂ ಹಾಗೆಯೇ. ಪ್ರಾಣಿ ಮುಸಿಯನನ್ನು ಒಳಗೆಳೆದ ಜಾಗದಲ್ಲಿ ಒಣ ಸೊಪ್ಪಿನ ಮೇಲೆ ಒಂದು ವೃತ್ತದಷ್ಟು ಉಣುಗು. ಕಾಯಿಲೆಯ ಕಾಲ ಚಳಿಗಾಲದ ಕೊನೆಯಿಂದ ಬೇಸಿಗೆ, ಇದನ್ನು ಡಿಸೆಂಬರ್ ನಂತರಕ್ಕೆ ಇಡಿ.

ಇನ್ನು ಹೆಸರು ಹಿಡಿದು ಕರೆಯುವುದು. ಶ್ವಾಸಕೋಶ ಇಲ್ಲದ ಪ್ರಾಣಿ ಮಾತಾಡಲು ಕಪ್ಪೆಯ ಗಂಟಲಿನಂಥ ಒಂದು ಗಾಳಿಚೀಲ, ಮೇಲೊಂದು ಪೊರೆ ಬೇಕು. ಚೀಲದಲ್ಲಿ ಒಂದು ಕೂಗಿಗೆ ಆಗುವಷ್ಟೇ ಗಾಳಿ. ರಾತ್ರಿ ಒಂದೇ ಕೂಗಿಗೆ ಓಗೊಡಬಾರದು ಎಂದು ಹಿರಿಯರು ಹೇಳುತ್ತಾರಲ್ಲ, ಅದನ್ನು ಅಜ್ಜಿಯ ಬಾಯಲ್ಲಿ ಮೊದಲ ಅಧ್ಯಾಯದಲ್ಲೇ ಹೇಳಿಸಿಬಿಡಿ, ಕಾರಣ ಕೊಡಬೇಡಿ. ಚೀಲ ಮತ್ತೆ ತುಂಬಲು ಅರ್ಧ ನಿಮಿಷ ಹಿಡಿಯಲಿ. ಅಂಗಳದಾಚೆ ಭಾವನ ದನಿಯಲ್ಲಿ ಒಂದು ಕೂಗು ಬಂದು, ಜೀರುಂಡೆ ಸದ್ದು ನಿಂತು, ಒಳಗಿರುವವರು ಎರಡನೆಯದಕ್ಕೆ ಕಾಯುವ ಆ ಅರ್ಧ ನಿಮಿಷವನ್ನು ಒಂದು ಪುಟ ಪೂರ್ತಿ ಬರೆಯಿರಿ.