ಪೈನ್ ಕಾಡು, ಬೆಂಕಿ, ಬರ: ಅರಣ್ಯ ಸಂಶೋಧಕಿಗೆ ನಿಮ್ಮ ಪ್ರಶ್ನೆಗಳು

ಅಡ್ಮಿನ್: ಪೈನ್, ಸ್ಪ್ರೂಸ್, ಫರ್‌ನಂಥ ಸೂಜಿ ಎಲೆ ಮರಗಳ ಕಾಡಿನ ಬಗ್ಗೆ ಇವತ್ತು ಮೇಡಂ ಉತ್ತರಿಸುತ್ತಾರೆ. ಸುಟ್ಟ ಕಾಡು ಮತ್ತೆ ಹೇಗೆ ಬೆಳೆಯುತ್ತದೆ ಅನ್ನೋದೇ ಅವರ ಕೆಲಸ. ಒಬ್ಬರಿಗೆ ಒಂದೇ ಪ್ರಶ್ನೆ.

ಗುಬ್ಬಿಗೂಡು: ಮೇಡಂ, ಕೆಲವು ಪೈನ್ ಮರಗಳಿಗೆ ಬೆಂಕಿ ಬೇಕೇ ಬೇಕಂತೆ. ನಿಜವಾ?

ಸಂಶೋಧಕಿ: ಕೆಲವಕ್ಕೆ ನಿಜ. ಲಾಡ್ಜ್‌ಪೋಲ್ ಪೈನ್‌ನ ಎಷ್ಟೋ ಬೀಜದ ಕಾಯಿಗಳು, ಅಂದರೆ ಕೋನ್‌ಗಳು ರಾಳದಿಂದ ಅಂಟಿಕೊಂಡು ವರ್ಷಗಟ್ಟಲೆ ಮುಚ್ಚಿರುತ್ತವೆ. ಬೆಂಕಿಯ ಬಿಸಿಗೆ ರಾಳ ಕರಗಿದಾಗ ಬೀಜ ಉದುರುತ್ತದೆ. ಪಾಂಡರೋಸಾ ಪೈನ್‌ನ ದಾರಿ ಬೇರೆ. ಅದಕ್ಕೆ ದಪ್ಪ ತೊಗಟೆ ಇದೆ, ನೆಲದಲ್ಲಿ ಹರಿಯುವ ಸಣ್ಣ ಬೆಂಕಿಯನ್ನು ತಡೆದುಕೊಳ್ಳುತ್ತದೆ.

ಚಾರಣಪ್ರಿಯ: ಅಮೆರಿಕದ ಪಾರ್ಕು ಯೆಲ್ಲೋಸ್ಟೋನ್‌ನಲ್ಲಿ ನಡೆದಾಡಿ ಬಂದೆ. 1988ರ ಬೆಂಕಿಯ ನಂತರ ಎದ್ದ ಕಾಡು ಕಾಲಿಡಲೂ ಜಾಗವಿಲ್ಲದಷ್ಟು ಒತ್ತಾಗಿದೆ. ಅದೇ ಎಳೆ ಕಾಡು 2016ರಲ್ಲಿ ಮತ್ತೆ ಸುಟ್ಟ ಒಂದು ಕಡೆ ಮಾತ್ರ ನೆಲ ಬೋಳು. ಎರಡೂ ಲಾಡ್ಜ್‌ಪೋಲ್. ಯಾಕೆ ಹೀಗೆ?

ಸಂಶೋಧಕಿ: ಇದಕ್ಕೆ ಉದ್ದವಾಗಿ ಬರೆಯುತ್ತೇನೆ. ನನ್ನ ನಿದ್ದೆ ಕೆಡಿಸುವ ವಿಷಯ ಇದು.

1988ರಲ್ಲಿ ಆ ಪಾರ್ಕಿನ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಬೆಂಕಿಗೆ ಸಿಕ್ಕಿತು. ಕಾಡು ಮುಗಿದೇ ಹೋಯಿತು ಅಂದುಕೊಂಡವರು ಬಹಳ ಜನ. ಆದರೆ ಆಗ ಸುಟ್ಟ ಕಾಡಿನಲ್ಲಿ ಬಲಿತ ಮರಗಳು ಬಹಳ ಇದ್ದವು. ವರ್ಷಗಟ್ಟಲೆ ಕೂಡಿಟ್ಟ ಮುಚ್ಚಿದ ಕೋನ್‌ಗಳು ಅವುಗಳ ಕೊಂಬೆಯಲ್ಲೇ ಇದ್ದವು. ಮರ ಸತ್ತಿತು, ಬೀಜ ಉದುರಿತು, ಯಾರೂ ನೆಡದೆ ಕಾಡು ಎದ್ದಿತು. ಅಲ್ಲಿ ದೊಡ್ಡ ಬೆಂಕಿಗಳ ನಡುವೆ ಹಿಂದೆ 100ರಿಂದ 300 ವರ್ಷ ಬಿಡುವು ಇರುತ್ತಿತ್ತು.

2016ರಲ್ಲಿ ಸುಟ್ಟದ್ದು 28 ವರ್ಷದ ಮರಗಳು. ಎಳೆ ಮರ ಮೊದಮೊದಲು ಬಿಡುವ ಕೋನ್ ಹೆಚ್ಚಾಗಿ ತಾನಾಗೇ ತೆರೆದುಕೊಳ್ಳುತ್ತದೆ. ಬೆಂಕಿಗೆ ಕಾದು ಕೂರುವ ಕೋನ್ ಬರುವುದು ಆಮೇಲೆ. ಅಂದರೆ ಕಣಜ ತುಂಬುವ ಮೊದಲೇ ಬೆಂಕಿ ಬಂತು. ಹಳೇ ಬೆಂಕಿಯಲ್ಲಿ ಸತ್ತು ಬಿದ್ದ ದಿಮ್ಮಿಗಳೂ ನೆಲದಲ್ಲೇ ಇದ್ದವು, ಅವೂ ಉರಿದವು. ಕೆಲವು ಕಡೆ ಎಳೆ ಮರದ ಕಾಂಡವೇ ಸುಟ್ಟು ಮೋಟು ಮಾತ್ರ ಉಳಿಯಿತು. ಇನ್ನು ಬೀಜ ಪಕ್ಕದ ಕಾಡಿನಿಂದ ಹಾರಿ ಬರಬೇಕು. ಆದರೆ ಹೆಚ್ಚಿನ ಬೀಜ ತಾಯಿಮರದಿಂದ 50–60 ಮೀಟರ್ ಒಳಗೇ ಬೀಳುತ್ತದೆ. ಬಿದ್ದು ಮೊಳೆತರೂ ನೆರಳಿಲ್ಲದ ನೆಲ ಕಾದಿರುತ್ತದೆ. ಮೊದಲ ಬೇಸಿಗೆಗಳಲ್ಲಿ ಬರ ಬಂದರೆ ಆ ಪುಟ್ಟ ಬೇರಿಗೆ ನೀರು ಎಟಕುವುದಿಲ್ಲ.

ಬೆಂಕಿಗೆ ಒಗ್ಗಿದ ಮರ ಅಂತ ಸುಲಭವಾಗಿ ಹೇಳಿಬಿಡುತ್ತೇವೆ. ಅದು ಒಗ್ಗಿರುವುದು ಒಂದು ಬಗೆಯ ಬೆಂಕಿಗೆ, ಅಷ್ಟು ವರ್ಷದ ಬಿಡುವಿಗೆ. ಬಿಸಿಲು ಏರಿ, ಕಾಡು ಬೇಗ ಒಣಗಿ, ಆ ಬಿಡುವು ಕಿರಿದಾಗುತ್ತಿದೆ. ಅಲ್ಲಿ ಸಸಿಗಳು ಎಷ್ಟು ಕಂಡವು, ನೆನಪಿದೆಯಾ?

ನೇಸರ: ಬರದಲ್ಲಿ ಮರ ಸಾಯುವುದು ಬಾಯಾರಿಯೋ, ಹುಳದಿಂದಲೋ?

ಸಂಶೋಧಕಿ: ಎರಡೂ ಕೂಡಿ. ನೀರು ಉಳಿಸಲು ಪೈನ್ ಎಲೆಯ ರಂಧ್ರ ಮುಚ್ಚುತ್ತದೆ. ಆಗ ಆಹಾರ ತಯಾರಿ ಕುಗ್ಗುತ್ತದೆ, ಬರ ಎಳೆದರೆ ರಾಳವೂ ಕಮ್ಮಿಯಾಗುತ್ತದೆ. ತೊಗಟೆ ಕೊರೆಯುವ ದುಂಬಿಯನ್ನು ಹೊರಗೆ ತಳ್ಳುವುದೇ ರಾಳ. ಬರ ತೀರಾ ಜೋರಾದರೆ ಕಾಂಡದ ನೀರಿನ ಕೊಳವೆಗಳಲ್ಲಿ ಗಾಳಿ ಸೇರಿ ನೀರು ಮೇಲೇರುವುದು ನಿಲ್ಲುತ್ತದೆ. ಕ್ಯಾಲಿಫೋರ್ನಿಯಾದಲ್ಲಿ 2012–16ರ ಬರ ಮತ್ತು ದುಂಬಿ ಸೇರಿ 10 ಕೋಟಿಗಿಂತ ಹೆಚ್ಚು ಮರ ಸತ್ತವು.

ಹಸಿರುಕನಸು: ಫಾರ್ವರ್ಡ್ ಬಂದಿದೆ. ದುಂಬಿ ಕೊರೆದ ತೂತಿಗೆ ಸೀಮೆಎಣ್ಣೆ ಸುರಿದು, ಬುಡದ ಒಣ ಸೂಜಿಗೆ ಬೆಂಕಿ ಕೊಟ್ಟರೆ ಮರ ಉಳಿಯುತ್ತದಂತೆ.

ಸಂಶೋಧಕಿ: ಮಾಡಬೇಡಿ. ದುಂಬಿ ತೊಗಟೆಯ ಒಳಗಿರುತ್ತದೆ, ನಿಮ್ಮ ಎಣ್ಣೆ ಅಲ್ಲಿಗೆ ಮುಟ್ಟಲ್ಲ. ಸೀಮೆಎಣ್ಣೆ ಹಾಕಿದ ಮರ, ಒಣ ಸೂಜಿ, ಗಾಳಿ. ಇಷ್ಟಿದ್ದರೆ ಒಂದು ಬೆಟ್ಟವೇ ಹೊತ್ತಿಕೊಳ್ಳುತ್ತದೆ. ಈ ಮೆಸೇಜನ್ನು ಇನ್ನೊಬ್ಬರಿಗೆ ಕಳಿಸಬೇಡಿ.

ಹಳೇಮೇಷ್ಟ್ರು: ಅದಕ್ಕೇ ಹೇಳೋದು, ಬೆಂಕಿ ಕಂಡ ತಕ್ಷಣ ಆರಿಸಬೇಕು ಅಂತ.

ಕಾಡುಕುಡಿ: ಸರ್, ಅಮೆರಿಕ ಅದನ್ನೇ ಮಾಡಿತು. 1935ರಲ್ಲಿ, ಕಂಡ ಬೆಂಕಿ ಮರುದಿನ ಬೆಳಿಗ್ಗೆ 10 ಗಂಟೆಯೊಳಗೆ ಹತೋಟಿಗೆ ಬರಬೇಕು ಅಂತ ನಿಯಮ ಮಾಡಿದರು. ಸಣ್ಣ ಬೆಂಕಿ ನಿಂತು ಪಾಂಡರೋಸಾ ಕಾಡು ಪೊದೆಯಿಂದ ತುಂಬಿತು. ಈಗ ಬೆಂಕಿ ಮರದ ತುದಿಗೇ ಏರುತ್ತದೆ.

ಹಳೇಮೇಷ್ಟ್ರು: ಹಾಗಾದರೆ ಊರು ಸುಟ್ಟರೂ ನೋಡ್ತಾ ಕೂರಬೇಕಾ?

ಕಾಡುಕುಡಿ: ನಾನು ಹಾಗೆ ಹೇಳಿಲ್ಲ. ಓದಿ ಮಾತಾಡಿ.

ಹಳೇಮೇಷ್ಟ್ರು: ನನಗೆ ಓದೋದು ಕಲಿಸಬೇಡಿ. ಮೂವತ್ತು ವರ್ಷ ಪಾಠ ಮಾಡಿದ್ದೇನೆ.

ಕಡಲತೀರ: ಸೈಬೀರಿಯಾದ ಲಾರ್ಚ್ ಕಾಡಿನ ಕಥೆ ಏನು ಮೇಡಂ?

ಹಸಿರುಕನಸು: ಮೇಷ್ಟ್ರು ಹೇಳಿದ್ದೇ ಸರಿ. ಹವಾಮಾನ ಮೊದಲಿಂದಲೂ ಬದಲಾಗ್ತಾನೇ ಇದೆ, ಕಾಡು ಹೊಂದಿಕೊಳ್ಳುತ್ತೆ.

ಸಂಶೋಧಕಿ: ಕ್ಯಾಲಿಫೋರ್ನಿಯಾದ ದೈತ್ಯ ಸೂಜಿ ಎಲೆ ಮರ ಸೆಕೋಯಾದ ತೊಗಟೆ ಎರಡು ಅಡಿವರೆಗೂ ದಪ್ಪ ಇರುತ್ತದೆ. ಅವುಗಳಲ್ಲಿ ಸಾವಿರಾರು ವರ್ಷದಿಂದ ಬೆಂಕಿ ಕಂಡು ಉಳಿದವು ಇವೆ. 2020ರಲ್ಲಿ ಅಲ್ಲಿ ಎದ್ದ ಕ್ಯಾಸಲ್ ಅನ್ನೋ ಒಂದೇ ಬೆಂಕಿಯಲ್ಲಿ, ಲೋಕದಲ್ಲಿ ತಾವಾಗೇ ಬೆಳೆದ ದೊಡ್ಡ ಸೆಕೋಯಾಗಳ 10ರಿಂದ 14 ಶೇಕಡಾ ಸತ್ತವು. ಹೊಂದಿಕೊಳ್ಳಲು ಮರಕ್ಕೆ ಸಮಯ ಬೇಕು. ಅದನ್ನೇ ನಾವು ಕಿತ್ತುಕೊಂಡಿದ್ದೇವೆ.

ಮಳೆಬಿಲ್ಲು: ಬೆಂಕಿ ಕಾಡಿಗೆ ಒಳ್ಳೇದಾ, ಕೆಟ್ಟದ್ದಾ?

ಸಂಶೋಧಕಿ: ಮೇಲೆ ಬರೆದಿದ್ದೇನೆ.

ತಂಗಾಳಿ: ಸುಟ್ಟ ಕಡೆಯೆಲ್ಲ ಬೇಗ ಪೈನ್ ಸಸಿ ನೆಟ್ಟರೆ ಆಯ್ತಲ್ವಾ?

ಸಂಶೋಧಕಿ: ಎಲ್ಲ ಕಡೆ ಆಗಲ್ಲ. ಮುಂದಿನ 50 ವರ್ಷದ ಬಿಸಿಲನ್ನು ಆ ಜಾತಿ ತಡೆಯುತ್ತದಾ ಅಂತ ಮೊದಲು ನೋಡಬೇಕು. ಒತ್ತಾಗಿ ನೆಟ್ಟರೆ ಮುಂದಿನ ಬೆಂಕಿಗೆ ಸೌದೆ ಒಟ್ಟಿದ ಹಾಗೆ.

ಮಳೆಬಿಲ್ಲು: ಒಂದೇ ಪದದಲ್ಲಿ ಹೇಳಿ ಮೇಡಂ, ಒಳ್ಳೇದಾ ಕೆಟ್ಟದ್ದಾ?

ಸಂಶೋಧಕಿ: ಒಂದು ಪದದಲ್ಲಿ ಹೇಳೋಕೆ ಬರಲ್ಲ. ದಯವಿಟ್ಟು ಮೇಲಿನದನ್ನು ಓದಿ.

ಹಳೇಮೇಷ್ಟ್ರು: ಕಾಡುಕುಡಿಯವರು ನನಗೆ ಇನ್ನೂ ಉತ್ತರ ಕೊಟ್ಟಿಲ್ಲ.

ಅಡ್ಮಿನ್: ಇಬ್ಬರೂ ಸಾಕು ಮಾಡಿ. ಇನ್ನೊಂದು ಕಾಮೆಂಟ್ ಬಂದರೆ ತೆಗೆಯುತ್ತೇನೆ.

ಚಾರಣಪ್ರಿಯ: ಮೇಡಂ, ಫೋಟೋ ತೆಗೆದು ನೋಡಿದೆ. ಹತ್ತು ಹದಿನೈದು ಹೆಜ್ಜೆಗೆ ಒಂದು ಸಸಿ ಇತ್ತು, ಮೊಣಕಾಲೆತ್ತರ. ನಡುವೆ ಬರೀ ಹುಲ್ಲು.

ಸಂಶೋಧಕಿ: ಮೊಣಕಾಲೆತ್ತರ ಅಂದರೆ ಕೆಲವು ಬೇಸಿಗೆ ದಾಟಿವೆ. ಸುಡದೆ ಉಳಿದ ದೊಡ್ಡ ಮರ ಅಲ್ಲಿಂದ ಎಷ್ಟು ದೂರ ಇತ್ತು? ಫೋಟೋ ಇಲ್ಲೇ ಹಾಕಿ, ನೋಡಬೇಕು.