ಆನೆಸೇವೆಗೆ ನಮ್ಮ ಪಾಲು: ಮನೆಯವರ ಗುಂಪಿನಲ್ಲಿ ನಡೆದ ಚರ್ಚೆ

ನಮ್ಮ ಮನೆದೇವರ ಜಾತ್ರೆಗೆ ಹೊರರಾಜ್ಯದಿಂದ ಆನೆಯನ್ನು ಬಾಡಿಗೆಗೆ ಕರೆಸಬೇಕೆಂದು ಸಮಿತಿಯವರು ತೀರ್ಮಾನಿಸಿ, ‘ಆನೆಸೇವೆ’ಗೆ ವಂತಿಗೆ ಕೇಳುವ ಕರಪತ್ರವೊಂದನ್ನು ಅಚ್ಚು ಹಾಕಿಸಿದ್ದರು. ದೊಡ್ಡಪ್ಪ ಅದನ್ನು ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದ ಮೇಲೆ ನಡೆದ ಮಾತುಕತೆಯನ್ನು, ಎಲ್ಲರ ಒಪ್ಪಿಗೆ ಪಡೆದು, ಹೆಸರುಗಳನ್ನು ಬಿಟ್ಟು ಇಲ್ಲಿ ಕೊಡುತ್ತಿದ್ದೇನೆ.

ದೊಡ್ಡಪ್ಪ (ಯಸಳೂರು): ಎಲ್ಲರಿಗೂ ನಮಸ್ಕಾರ. ಸಮಿತಿಯವರು ಕೊಟ್ಟ ಕರಪತ್ರವನ್ನು ಮೇಲೆ ಹಾಕಿದ್ದೇನೆ. ಈ ವರ್ಷ ದೇವರ ಅಡ್ಡೆಯ (ಪಲ್ಲಕ್ಕಿಯ) ಮುಂದೆ ಆನೆ ನಡೆಯಬೇಕೆಂಬುದು ಊರಿನ ಹಿರಿಯರ ಬಹುದಿನದ ಆಸೆ. ಮನೆಗೆ ಇಂತಿಷ್ಟೇ ಕೊಡಬೇಕೆಂಬ ಒತ್ತಾಯವಿಲ್ಲ. ಆದರೂ ನಮ್ಮ ಮನೆತನದ ಹೆಸರಿಗೆ ತಕ್ಕಷ್ಟು ಹೋಗಬೇಕಾಗುತ್ತದೆ. ನಿಮ್ಮ ನಿಮ್ಮ ಪಾಲನ್ನು ಶನಿವಾರದೊಳಗೆ ತಿಳಿಸಿ.

ಚಿಕ್ಕಪ್ಪ (ಹಾಸನ): ಒಳ್ಳೆಯ ಕೆಲಸ ಅಣ್ಣ. ನನ್ನ ಪಾಲು ಬರೆದುಕೊಳ್ಳಿ.

ನಾನು: ದೊಡ್ಡಪ್ಪ, ಅನ್ನದಾಸೋಹಕ್ಕೆ, ತೇರಿನ ದುರಸ್ತಿಗೆ, ದೀಪಕ್ಕೆ ಎಷ್ಟು ಕೇಳಿದರೂ ನಾನು ಕೊಡುತ್ತೇನೆ. ಆನೆಗೆ ಮಾತ್ರ ಕೊಡಲಾರೆ. ಒಂದು ಆನೆ ದಿನದ ಹದಿನಾರು ಗಂಟೆಗೂ ಹೆಚ್ಚು ಕಾಲ ಮೇಯುತ್ತಲೇ ಇರುವ ಪ್ರಾಣಿ. ನೂರೈವತ್ತು ಕಿಲೋದಷ್ಟು ಸೊಪ್ಪು, ಹುಲ್ಲು, ನೂರು ಲೀಟರಿಗೂ ಹೆಚ್ಚು ನೀರು ಅದಕ್ಕೆ ಬೇಕು. ಅಂಥದ್ದನ್ನು ಲಾರಿಯಲ್ಲಿ ನೂರಾರು ಕಿಲೋಮೀಟರ್ ನಿಲ್ಲಿಸಿಕೊಂಡು ಬಂದು, ಇಳಿಸಿದ ಮರುದಿನವೇ ತಮಟೆ, ಡೊಳ್ಳು, ಪಟಾಕಿಗಳ ನಡುವೆ ಡಾಂಬರು ರಸ್ತೆಯಲ್ಲಿ ನಡೆಸಿ, ಅದು ಮುಗಿದೊಡನೆ ಮತ್ತೊಂದು ಊರಿನ ಜಾತ್ರೆಗೆ ಸಾಗಿಸುತ್ತಾರೆ. ನಾವು ಕೊಡುವ ಹಣ ಸೇವೆಯ ಹೆಸರಿನಲ್ಲಿ ಹೋದರೂ ಅದು ಬಾಡಿಗೆಯೇ. ಬಾಡಿಗೆ ಕೊಡುವವರು ಇರುವವರೆಗೆ ಆ ಲಾರಿ ನಿಲ್ಲುವುದಿಲ್ಲ.

ದೊಡ್ಡಪ್ಪ: ನೀನು ಓದಿದವಳು, ನಿನ್ನ ಮಾತನ್ನು ತಳ್ಳಿಹಾಕುವುದಿಲ್ಲ. ಆದರೆ ಆನೆಯನ್ನು ನಾವು ನೋಡಿದಷ್ಟು ನೀವು ನೋಡಿಲ್ಲ ಕಣಮ್ಮ. ಅರ್ಜುನ ಎಂಟು ಬಾರಿ ಮೈಸೂರು ದಸರೆಯ ಅಂಬಾರಿ ಹೊತ್ತ. ಅದನ್ನು ಯಾರಾದರೂ ಹಿಂಸೆ ಎಂದರೇ? ಅವನು ಸತ್ತದ್ದು ನಮ್ಮ ಯಸಳೂರು ವಲಯದ ದಬ್ಬಳ್ಳಿಕಟ್ಟೆಯಲ್ಲೇ. ಆ ದಿನ ಹೆಂಗಸರು, ಮಕ್ಕಳು, ತೋಟದ ಆಳುಗಳು ಎಲ್ಲರೂ ಅತ್ತದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆನೆಯನ್ನು ಕಂಡರೆ ನಮ್ಮ ಜನಕ್ಕೆ ಇರುವುದು ಭಕ್ತಿ. ಆ ಭಕ್ತಿಯನ್ನೇ ಕ್ರೌರ್ಯವೆಂದು ಕರೆದರೆ ನಮಗೆ ನೋವಾಗುತ್ತದೆ.

ನಾನು: ಜನರ ಭಕ್ತಿಯನ್ನು ನಾನು ಕ್ರೌರ್ಯ ಎನ್ನುತ್ತಿಲ್ಲ ದೊಡ್ಡಪ್ಪ. ಆದರೆ ಅರ್ಜುನನ ಕಥೆಯನ್ನು ಪೂರ್ತಿಯಾಗಿ ನೋಡಿ. ಅರವತ್ತು ದಾಟಿದ ಆನೆಗೆ ಭಾರ ಹೊರಿಸಬಾರದೆಂಬ ಕಾರಣಕ್ಕೆ 2020ರಿಂದ ಅಂಬಾರಿಯ ಹೊಣೆ ಅಭಿಮನ್ಯುವಿಗೆ ಹೋಯಿತು. ಏಳುನೂರೈವತ್ತು ಕಿಲೋದ ಅಂಬಾರಿ ಹೊರಲು ವಯಸ್ಸಾಯಿತು ಎಂದ ಮೇಲೂ ಅದೇ ಅರ್ಜುನನನ್ನು ಕಾಡಾನೆ ಹಿಡಿಯುವ ಕಾರ್ಯಾಚರಣೆಗೆ ಕರೆತಂದರು. 2023ರ ಡಿಸೆಂಬರ್ 4ರಂದು ಮದಗಜದೊಡನೆ ಕಾದಾಡಿ ಸತ್ತಾಗ ಅವನಿಗೆ ಅರವತ್ತನಾಲ್ಕು ವರ್ಷ. ಸತ್ತ ಮೇಲೆ ಅತ್ತೆವು, ಸಮಾಧಿಗೆ ಹೂವಿಟ್ಟೆವು. ಬದುಕಿದ್ದಾಗ ಅವನಿಗೆ ವಿಶ್ರಾಂತಿ ಕೊಡಿ ಎಂದು ನಮ್ಮಲ್ಲಿ ಎಷ್ಟು ಜನ ಕೇಳಿದೆವು?

ಇನ್ನೊಂದು ಮಾತು. ಆಲೂರು, ಸಕಲೇಶಪುರದ ಕಡೆ ಆನೆಯಿಂದ ಬೆಳೆ ಕಳೆದುಕೊಂಡವರ, ಮನೆಯವರನ್ನೇ ಕಳೆದುಕೊಂಡವರ ಸಂಕಟ ನನಗೆ ಗೊತ್ತು. ಕಾಡಾನೆಯ ಸಮಸ್ಯೆಯನ್ನು ನಾನು ಇದರೊಂದಿಗೆ ಬೆರೆಸುವುದಿಲ್ಲ. 2014ರಲ್ಲಿ ಅಲ್ಲಿಂದ ಇಪ್ಪತ್ತಕ್ಕೂ ಹೆಚ್ಚು ಆನೆಗಳನ್ನು ಹಿಡಿದು ಶಿಬಿರಗಳಿಗೆ ಸಾಗಿಸಿದಾಗ ಅವುಗಳನ್ನು ಕ್ರಾಲ್‌ನಲ್ಲಿ ಕೂಡಿಹಾಕಿದ ದೃಶ್ಯಗಳನ್ನು ನಾವೆಲ್ಲ ಟಿವಿಯಲ್ಲಿ ನೋಡಿದ್ದೇವೆ. ಕಾಡಾನೆಯನ್ನು ಪಳಗಿಸಲು ಕಟ್ಟುವ, ಮೈ ತಿರುಗಿಸಲೂ ಜಾಗವಿಲ್ಲದ ಮರದ ದಿಮ್ಮಿಗಳ ಬೋನು ಅದು. ಉತ್ಸವದಲ್ಲಿ ಸೊಂಡಿಲೆತ್ತಿ ನಮಸ್ಕರಿಸುವ ಯಾವ ಆನೆಯೂ ಆ ವಿದ್ಯೆಯನ್ನು ತಾನಾಗಿ ಕಲಿತದ್ದಲ್ಲ.

ತಂಗಿ (ಪಶುವೈದ್ಯೆ): ದೊಡ್ಡಪ್ಪ, ನಾನು ದಿನಾ ನೋಡುವುದು ಹಸು, ಎಮ್ಮೆ, ಕುರಿಗಳನ್ನು. ಆನೆಯ ವಿಷಯದಲ್ಲಿ ನಾನು ತಜ್ಞೆಯಲ್ಲ. ಆದರೂ ಒಮ್ಮೆ ಉತ್ಸವಕ್ಕೆ ಬಂದ ಆನೆ ಮೇವು ಬಿಟ್ಟಿದೆ ಎಂದು ನನ್ನನ್ನು ಕರೆದಿದ್ದರು. ಊರಿನ ಹೆಸರು ಬೇಡ. ಹಣೆಗೆ ಬಣ್ಣ, ಬೆನ್ನಿಗೆ ಜರಿಯ ಜೂಲು, ಕೊರಳಿಗೆ ಗಂಟೆ, ನೋಡಲು ಬಹಳ ಚೆಂದವಾಗಿತ್ತು. ಕಾಲು ನೋಡಿದೆ. ಮುಂಗಾಲಿನ ಎರಡು ಉಗುರುಗಳು ಉದ್ದಕ್ಕೆ ಸೀಳಿದ್ದವು, ಒಂದರ ಬುಡದಲ್ಲಿ ಕೀವು ಕಟ್ಟಿ ಅದರ ಮೇಲೆ ಅರಿಶಿನ ಮೆತ್ತಿದ್ದರು. ಅಂಗಾಲು ಸವೆದು ನುಣುಪಾಗಿತ್ತು. ಹಿಂಗಾಲಿನಲ್ಲಿ ಸರಪಳಿ ಕೂರುವ ಜಾಗದ ಸುತ್ತ ಕೂದಲಿಲ್ಲದ, ಒಳಕ್ಕೆ ಕುಸಿದ ಪಟ್ಟಿಯೊಂದಿತ್ತು. ಅದು ಒಂದು ವಾರದಲ್ಲಿ ಆಗುವಂಥದ್ದಲ್ಲ, ವರ್ಷಗಟ್ಟಲೆಯ ಗುರುತು. ನಾನು ಅಲ್ಲಿ ನಿಂತಷ್ಟು ಹೊತ್ತೂ ಅದು ತಲೆಯನ್ನು ಎಡಕ್ಕೂ ಬಲಕ್ಕೂ ಒಂದೇ ಸಮನೆ ತೂಗುತ್ತಿತ್ತು. ವಾದ್ಯಕ್ಕೆ ಕುಣಿಯುತ್ತಿದೆ ಎಂದು ಜನ ಚಪ್ಪಾಳೆ ತಟ್ಟುತ್ತಿದ್ದರು, ಮಕ್ಕಳು ಕುಣಿಯುತ್ತಿದ್ದರು. ಕಟ್ಟಿಹಾಕಿದ ಪ್ರಾಣಿಗಳಲ್ಲಿ ಒಂಟಿತನದಿಂದ, ಒತ್ತಡದಿಂದ ಬರುವ ಚಾಳಿ ಅದು. ಆ ಆನೆಗೆ ಬೇಕಿದ್ದದ್ದು ತಿಂಗಳುಗಟ್ಟಲೆ ಮಣ್ಣಿನ ನೆಲದ ಮೇಲಿನ ಓಡಾಟ. ಮರುದಿನ ಅದು ಇನ್ನೊಂದು ಊರಿಗೆ ಹೋಯಿತು. ಮಾವುತ ಒಳ್ಳೆಯವನೇ, ಅಂಕುಶವನ್ನು ನಾನಿದ್ದಾಗ ಒಮ್ಮೆಯೂ ಎತ್ತಲಿಲ್ಲ. ಅವನೂ ಕೂಲಿಯವನು, ಎಲ್ಲಿಗೆ ಹೋಗಬೇಕೆಂದು ಹೇಳುವವನು ಮಾಲೀಕ.

ಚಿಕ್ಕಪ್ಪ: ನೀನು ಹೇಳಿದ್ದು ಸುಳ್ಳೆಂದು ಹೇಳಲಾರೆ. ಆದರೆ ಪ್ರಾಣಿದಯೆಯ ಹೆಸರಿನಲ್ಲಿ ನಡೆಯುವುದೆಲ್ಲ ದಯೆಯೇ? ಕೊಲ್ಹಾಪುರ ಜಿಲ್ಲೆಯ ನಾಂದಣಿಯ ಜೈನ ಮಠದಲ್ಲಿ ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಇದ್ದ ಮಹಾದೇವಿ ಆನೆಯನ್ನು 2025ರ ಜುಲೈನಲ್ಲಿ ಗುಜರಾತಿನ ವಂತಾರಾ ಎಂಬ ಪ್ರಾಣಿ ಆರೈಕೆ ಕೇಂದ್ರಕ್ಕೆ ಸಾಗಿಸಿದರು. ಊರಿಗೆ ಊರೇ ಬೀದಿಗಿಳಿದು ಅತ್ತಿತು. ಮಗಳನ್ನು ಸಾಕಿದ ಹಾಗೆ ಸಾಕಿದವರಿಂದ ಕಿತ್ತುಕೊಂಡು ಹೋಗುವುದು ಯಾವ ನ್ಯಾಯ?

ನಾನು: ಅಲ್ಲಿನ ಜನರ ಕಣ್ಣೀರು ನಿಜವೇ ಚಿಕ್ಕಪ್ಪ, ಅದನ್ನು ಹಗುರ ಮಾಡುವುದಿಲ್ಲ. ಬಾಂಬೆ ಹೈಕೋರ್ಟಿನ ಮುಂದೆ ಆ ಆನೆಯ ಕಾಲಿನ ಕೊಳೆತ, ಮೈಮೇಲಿನ ಹುಣ್ಣುಗಳ ವರದಿಗಳಿದ್ದವು. ಆನೆಯ ಆರೋಗ್ಯವೋ ಮಠದ ಬಳಕೆಯೋ ಎಂಬ ಪ್ರಶ್ನೆ ಬಂದಾಗ ನ್ಯಾಯಾಲಯ ಆನೆಯ ಪರ ನಿಂತಿತು. ಸುಪ್ರೀಂ ಕೋರ್ಟೂ ಅದನ್ನು ಬದಲಿಸಲಿಲ್ಲ. ಅದೇ ಜಿಲ್ಲೆಯ ಜ್ಯೋತಿಬಾ ದೇವಸ್ಥಾನದ ಸುಂದರ್ ಎಂಬ ಆನೆಯನ್ನು ದೀರ್ಘ ಹೋರಾಟದ ನಂತರ 2014ರ ಜೂನ್‌ನಲ್ಲಿ ನಮ್ಮ ಬನ್ನೇರುಘಟ್ಟಕ್ಕೆ ತಂದರು. ಸರಪಳಿಯಲ್ಲಿ ಕಟ್ಟಿಸಿಕೊಂಡು ಹೊಡೆತ ತಿಂದಿದ್ದ ಆನೆ ಅಲ್ಲಿ ಬೇರೆ ಆನೆಗಳ ಜೊತೆ ಸೇರಿತು. ಸಾಕಿದವರ ಮನಸ್ಸು ನೋಯುವುದು ಸಹಜ. ಆದರೆ ನಮ್ಮ ಪ್ರಸಂಗದಲ್ಲಿ ಆ ನೋವಿಗೂ ಜಾಗವಿಲ್ಲ, ಏಕೆಂದರೆ ನಮ್ಮ ದೇವಸ್ಥಾನದಲ್ಲಿ ಆನೆಯೇ ಇಲ್ಲ. ನಮ್ಮಿಂದ ಯಾರೂ ಏನನ್ನೂ ಕಿತ್ತುಕೊಳ್ಳುತ್ತಿಲ್ಲ. ಇಲ್ಲದ ಪದ್ಧತಿಯೊಂದನ್ನು ಹೊಸದಾಗಿ ಹಣ ಕೊಟ್ಟು ತರುವವರು ನಾವು.

ಭಾವ (ಅರಸೀಕೆರೆ): ನಾನು ಹುಡುಗನಾಗಿದ್ದಾಗ ನಮ್ಮ ಬೀದಿಗೆ ಕರಡಿ ಆಡಿಸುವವರು ಬರುತ್ತಿದ್ದರು. ಮಕ್ಕಳಿಗೆ ಬಾಲಗ್ರಹ ಹೋಗಲೆಂದು ಕರಡಿಯ ಮೇಲೆ ಕೂರಿಸುತ್ತಿದ್ದರು, ಅದರ ಕೂದಲನ್ನು ತಾಯಿತದಲ್ಲಿಟ್ಟು ಕಟ್ಟುತ್ತಿದ್ದರು. ಅದೂ ನಂಬಿಕೆಯೇ ಆಗಿತ್ತು. ಮರಿಯನ್ನು ಹಿಡಿಯಲು ತಾಯಿ ಕರಡಿಯನ್ನು ಕೊಲ್ಲುತ್ತಿದ್ದರು, ಕಾದ ಕಬ್ಬಿಣದಿಂದ ಮೂತಿ ತೂತು ಮಾಡಿ ಹಗ್ಗ ಪೋಣಿಸುತ್ತಿದ್ದರು, ಹಲ್ಲು ಮುರಿಯುತ್ತಿದ್ದರು ಎಂಬುದು ನಮಗೆ ತಿಳಿದದ್ದು ಬಹಳ ತಡವಾಗಿ. 1972ರ ವನ್ಯಜೀವಿ ಕಾಯಿದೆ ಬಂದ ಮೇಲೂ ಈ ಆಟ ದಶಕಗಳ ಕಾಲ ನಡೆಯಿತು. ಅದು ನಿಂತದ್ದು ಬರಿಯ ಪೊಲೀಸರ ಕೋಲಿನಿಂದಲ್ಲ. ವೈಲ್ಡ್‌ಲೈಫ್ ಎಸ್‌ಒಎಸ್ ಸಂಸ್ಥೆಯವರು ಕರಡಿ ಆಡಿಸುವ ಕಲಂದರ್ ಕುಟುಂಬಗಳಿಗೆ ಬೇರೆ ದುಡಿಮೆಗೆ ಬಂಡವಾಳ ಕೊಟ್ಟು, ಮಕ್ಕಳನ್ನು ಶಾಲೆಗೆ ಸೇರಿಸಿ, ಕರಡಿಗಳನ್ನು ಒಪ್ಪಿಸಿಕೊಂಡರು. 2009ರ ಡಿಸೆಂಬರ್‌ನಲ್ಲಿ ರಾಜು ಎಂಬ ಕೊನೆಯ ಕರಡಿ ಬನ್ನೇರುಘಟ್ಟದ ಕೇಂದ್ರ ಸೇರಿತು. ಇಂದು ನಮ್ಮ ಅರಸೀಕೆರೆಯ ಗುಡ್ಡಗಳಲ್ಲಿ ಕರಡಿಗಳಿವೆ, ಕೆಲವೊಮ್ಮೆ ತೋಟಕ್ಕೂ ಬಂದು ಹೆದರಿಸುತ್ತವೆ. ಆದರೂ ಅವುಗಳ ಮೂತಿಗೆ ಹಗ್ಗ ಹಾಕಿ ಬೀದಿಗೆ ತರಬೇಕೆಂದು ಈಗ ಯಾರೂ ಕೇಳುವುದಿಲ್ಲ. ಬಿಟ್ಟದ್ದರಿಂದ ಯಾರ ಧರ್ಮವೂ ಕೆಡಲಿಲ್ಲ.

ಚಿಕ್ಕಪ್ಪ: ಹಾಗಾದರೆ ನಾಳೆ ಕಂಬಳವನ್ನೂ ಬಿಡಿ ಎನ್ನುತ್ತೀರಿ.

ನಾನು: ಕಂಬಳದ ಪ್ರಶ್ನೆಯನ್ನು 2023ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಬೇರೆಯಾಗಿಯೇ ತೀರ್ಮಾನಿಸಿದೆ. ಇಲ್ಲಿ ಆನೆಯ ಮಾತು ಮುಗಿಸೋಣ ಚಿಕ್ಕಪ್ಪ.

ಚಿಕ್ಕಪ್ಪ: ಆಗಲಿ. ಕಾನೂನು ಏನು ಹೇಳುತ್ತದೆ? ಸಮಿತಿಯವರು ಎಲ್ಲದಕ್ಕೂ ಅನುಮತಿ ಇದೆ ಎನ್ನುತ್ತಿದ್ದಾರೆ.

ನಾನು: ಕಾನೂನು ನಾವು ಅಂದುಕೊಂಡಷ್ಟು ಬಿಗಿಯಾಗಿಲ್ಲ ಎಂಬುದೇ ನನ್ನ ಚಿಂತೆ. 1998ರಲ್ಲಿ ಕೇಂದ್ರ ಸರ್ಕಾರ ಕರಡಿ, ಕೋತಿ, ಹುಲಿ, ಚಿರತೆ, ಸಿಂಹಗಳನ್ನು ಪ್ರದರ್ಶನಕ್ಕೆ ಬಳಸಬಾರದೆಂದು ಅಧಿಸೂಚನೆ ಹೊರಡಿಸಿತು. ಸರ್ಕಸ್‌ನವರು ಕೇರಳ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಗಿ ಸೋತರು. ಆ ಪಟ್ಟಿಯಲ್ಲಿ ಆನೆ ಇರಲಿಲ್ಲ. ಅಲ್ಲದೆ 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಲ್ಲಿ ಪ್ರದರ್ಶನ ಎಂದರೆ ಟಿಕೆಟ್ ಕೊಟ್ಟು ನೋಡುವ ಮನರಂಜನೆ. ಟಿಕೆಟಿಲ್ಲದ ಮೆರವಣಿಗೆ ಅದರಿಂದ ಸುಲಭವಾಗಿ ಜಾರಿಕೊಳ್ಳುತ್ತದೆ. ತೀರ ಗಿಡ್ಡ ಅಥವಾ ತೀರ ಭಾರದ ಸರಪಳಿಯಲ್ಲಿ ಹೊತ್ತುಗಟ್ಟಲೆ ಕಟ್ಟುವುದು ಅದೇ ಕಾಯಿದೆಯ 11ನೇ ಸೆಕ್ಷನ್ ಪ್ರಕಾರ ಅಪರಾಧ ನಿಜ. ಆದರೆ ಮೊದಲ ಬಾರಿಯ ತಪ್ಪಿಗೆ ದಂಡ ಹತ್ತರಿಂದ ಐವತ್ತು ರೂಪಾಯಿ. ಜಾತ್ರೆಯಲ್ಲಿ ಒಂದು ತಟ್ಟೆ ಮಿರ್ಚಿಯ ಬೆಲೆ. ವನ್ಯಜೀವಿ ಕಾಯಿದೆಯ 2022ರ ತಿದ್ದುಪಡಿಯಂತೂ ಮಾಲೀಕತ್ವದ ಪ್ರಮಾಣಪತ್ರ ಇರುವವರು ಧಾರ್ಮಿಕ ಅಥವಾ ಇನ್ನಾವುದೇ ಉದ್ದೇಶಕ್ಕೆ ಆನೆಯನ್ನು ಸಾಗಿಸಲು ದಾರಿ ಮಾಡಿಕೊಟ್ಟಿತು, 2024ರಲ್ಲಿ ಅದಕ್ಕೆ ನಿಯಮಗಳೂ ಬಂದವು. ಹಾಗಾಗಿ ಸಮಿತಿಯವರ ಕೈಯಲ್ಲಿ ಕಾಗದ ಸರಿಯಾಗಿಯೇ ಇರಬಹುದು. ಕಾಗದ ಸರಿಯಿದ್ದ ಮಾತ್ರಕ್ಕೆ ಆನೆಯ ಕಾಲು ವಾಸಿಯಾಗುವುದಿಲ್ಲ.

ಅತ್ತೆ (ಬಾಳೆಹೊನ್ನೂರು): ನಾನೂ ಒಂದು ಮಾತು ಹೇಳುತ್ತೇನೆ. ನಮ್ಮ ರಂಭಾಪುರಿ ಪೀಠಕ್ಕೆ 2024ರ ಡಿಸೆಂಬರ್‌ನಲ್ಲಿ ವೀರಭದ್ರ ಎಂಬ ಯಂತ್ರದ ಆನೆ ಬಂದಿದೆ. ನಟಿ ಶಿಲ್ಪಾ ಶೆಟ್ಟಿಯವರು ಪ್ರಾಣಿದಯಾ ಸಂಸ್ಥೆಗಳ ಜೊತೆ ಸೇರಿ ಕೊಟ್ಟದ್ದು. ರಬ್ಬರು, ಫೈಬರು, ಉಕ್ಕು, ಒಳಗೆ ಮೋಟಾರುಗಳು. ಕಿವಿ ಬೀಸುತ್ತದೆ, ಬಾಲ ಆಡಿಸುತ್ತದೆ, ಸೊಂಡಿಲಿನಿಂದ ನೀರು ಚಿಮ್ಮುತ್ತದೆ. ಅಷ್ಟು ದೊಡ್ಡ ಪೀಠವೇ ಒಪ್ಪಿಕೊಂಡ ಮೇಲೆ ನಮ್ಮ ಊರಿನ ಸಮಿತಿಗೆ ಏನು ತೊಂದರೆ?

ದೊಡ್ಡಪ್ಪ: ಅಕ್ಕ, ಪೀಠದ ಬಗ್ಗೆ ನನಗೂ ಗೌರವವಿದೆ. ಆದರೆ ಕರೆಂಟಿನಲ್ಲಿ ಓಡುವ ಗೊಂಬೆಗೆ ಕೈ ಮುಗಿಯಲು ನನಗೆ ಮನಸ್ಸು ಬರುವುದಿಲ್ಲ. ಅದರಲ್ಲಿ ಜೀವ ಎಲ್ಲಿದೆ?

ಅತ್ತೆ: ನಮ್ಮ ದೇವರ ಅಡ್ಡೆಯ ಮೇಲೆ ಕೂರುವ ಉತ್ಸವಮೂರ್ತಿ ಪಂಚಲೋಹದ್ದು, ತೇರಿನ ಕುದುರೆಗಳು ಹಲಸಿನ ಮರದವು, ಗಜವಾಹನವೂ ಮರದ್ದೇ. ಅವುಗಳಲ್ಲಿ ಜೀವ ಎಲ್ಲಿದೆ ಎಂದು ನಮ್ಮಪ್ಪ ಯಾವತ್ತೂ ಕೇಳಲಿಲ್ಲ. ನೀನು ಕೇಳುತ್ತಿದ್ದೀಯಲ್ಲ! ಯಂತ್ರದ ಆನೆ ಬೇಡವೆಂದರೆ ಬೇಡ. ನೆಲಮಾಳಿಗೆಯಲ್ಲಿ ಗೆದ್ದಲು ಹಿಡಿಯುತ್ತಿರುವ ಆ ಗಜವಾಹನಕ್ಕೆ ಬಣ್ಣ ಹಚ್ಚಿಸಿ, ಅದರ ಮೇಲೆ ದೇವರನ್ನು ಕೂರಿಸಿ ಹೊರಡಿಸು. ಬಾಡಿಗೆಯ ಹಣದಲ್ಲಿ ಅರ್ಧವೂ ಆಗುವುದಿಲ್ಲ.

ದೊಡ್ಡಪ್ಪ: ಗಜವಾಹನದ ವಿಷಯ ನನಗೆ ಹೊಳೆದಿರಲಿಲ್ಲ. ಆದರೆ ಸಮಿತಿಯಲ್ಲಿ ನಾನೊಬ್ಬನೇ ಅಲ್ಲ. ಮುಂಗಡ ಕೊಟ್ಟಿದ್ದಾರೋ ಇಲ್ಲವೋ ವಿಚಾರಿಸಬೇಕು. ಭಾನುವಾರದ ಸಭೆಯಲ್ಲಿ ಎತ್ತುತ್ತೇನೆ. ಒಂದು ವೇಳೆ ಆನೆಯೇ ಬೇಕೆಂದು ಅವರು ಹಟ ಹಿಡಿದರೆ, ಪಟಾಕಿ ಇಲ್ಲದೆ, ಬಿಸಿಲಿಳಿದ ಮೇಲೆ, ಮಣ್ಣಿನ ದಾರಿಯಲ್ಲಿ ನಡೆಸಿದರೆ ನಿಮಗೆ ಒಪ್ಪಿಗೆಯೇ?

ತಂಗಿ: ಆ ಎಚ್ಚರಿಕೆಗಳನ್ನು ಸಮಿತಿಯ ಮುಂದೆ ಖಂಡಿತ ಇಡಿ ದೊಡ್ಡಪ್ಪ. ಆನೆ ಬಂದೇ ಬರುವುದಾದರೆ ನೆರಳು, ನೀರು, ಮೇವು ನೋಡಿಕೊಳ್ಳಲು ನಾನು ಬರುತ್ತೇನೆ. ಜನರನ್ನು ಅದರಿಂದ ದೂರ ಇಡಲೇಬೇಕು. ಕ್ಷಯರೋಗ ಆನೆಯಿಂದ ಮನುಷ್ಯರಿಗೂ ಮನುಷ್ಯರಿಂದ ಆನೆಗೂ ಹರಡಬಲ್ಲದು. ಸೊಂಡಿಲಿನಿಂದ ಮಕ್ಕಳ ತಲೆ ಮುಟ್ಟಿಸುವುದಂತೂ ಬೇಡವೇ ಬೇಡ. ಆದರೆ ಎರಡು ದಿನದ ಉಪಚಾರದಿಂದ ಅದರ ಉಳಿದ ದಿನಗಳು ಬದಲಾಗುವುದಿಲ್ಲ.

ನಾನು: ಆನೆ ಬಂದರೆ ತಂಗಿಯ ಜೊತೆ ನಾನೂ ನಿಲ್ಲುತ್ತೇನೆ ದೊಡ್ಡಪ್ಪ. ಬಾಡಿಗೆಗೆ ಮಾತ್ರ ನನ್ನ ಪಾಲು ಸೇರಿಸಬೇಡಿ. ನನ್ನ ಪಾಲು ಗಜವಾಹನದ ಬಣ್ಣಕ್ಕೆ, ಬಡಗಿಯ ಕೂಲಿಗೆ ಎಂದು ಬರೆದುಕೊಳ್ಳಿ.

ಭಾವ: ನನ್ನದೂ ಅದಕ್ಕೇ.

ಚಿಕ್ಕಪ್ಪ: ಅಣ್ಣ, ನಾನು ಮೊದಲು ಹೇಳಿದ ಹಣವನ್ನು ಸಭೆ ಮುಗಿಯುವವರೆಗೆ ಸಮಿತಿಗೆ ಕಟ್ಟಬೇಡಿ. ಭಾನುವಾರ ನಾನೂ ಊರಿಗೆ ಬರುತ್ತೇನೆ.